ಎರಡು ಧರ್ಮದವರು ಮದುವೆಯಾಗುವುದು ಹೇಗೆ: ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಂಗಡಿಯವನು ಹೇಳುವುದು

ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ನನ್ನದೊಂದು ಪುಟ್ಟ ಅಂಗಡಿ ಇದೆ. ಪತ್ರ ಬರೆಯುವುದು, ಟೈಪಿಂಗ್, ಜೆರಾಕ್ಸ್, ಲ್ಯಾಮಿನೇಷನ್. ಶುರು ಮಾಡಿ ಇಪ್ಪತ್ತಮೂರು ವರ್ಷ ಆಯಿತು. ದಿನದ ಕೆಲಸ ಕ್ರಯಪತ್ರ, ದಾನಪತ್ರ, ವಿಭಾಗಪತ್ರ. ಮದುವೆ ಕೆಲಸ ತಿಂಗಳಿಗೆ ನಾಲ್ಕೈದು ಬರುತ್ತದೆ. ಅದರಲ್ಲಿ ಎರಡು ಧರ್ಮದ ಜೋಡಿ ಅಂದರೆ ವರ್ಷಕ್ಕೆ ಎರಡೋ ಮೂರೋ. ಅವರನ್ನು ಗುರುತಿಸುವುದು ಸುಲಭ. ನೇರವಾಗಿ ಆಫೀಸಿಗೆ ಹೋಗುವುದಿಲ್ಲ. ಅಂಗಡಿ ಮುಂದೆ ಒಂದು ಸಲ ದಾಟಿ ಹೋಗಿ, ತಿರುಗಿ ಬಂದು, ಒಂದು ಆಧಾರ್ ಜೆರಾಕ್ಸ್ ಮಾಡಿಸುತ್ತಾರೆ. ಚಿಲ್ಲರೆ ತಗೊಳ್ಳುವಾಗ ಮೆಲ್ಲಗೆ ಕೇಳುತ್ತಾರೆ: "ಸಾರ್, ಈ ಸ್ಪೆಷಲ್ ಮ್ಯಾರೇಜ್ ಅಂದ್ರೆ ಏನೇನು ಬೇಕು?"

ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಆದರೆ ನನ್ನ ಅಕ್ಕನ ಮಗಳ ಮದುವೆಯೂ ಇದೇ ಸ್ಪೆಷಲ್ ಮ್ಯಾರೇಜ್, ಅಂದರೆ ವಿಶೇಷ ವಿವಾಹ ಕಾಯ್ದೆಯಲ್ಲಿ ಆಯಿತು. ಹುಡುಗ ಮುಸ್ಲಿಂ. ಅದರಲ್ಲಿ ನಾನೇ ಒಂದು ದೊಡ್ಡ ಎಡವಟ್ಟು ಮಾಡಿದೆ. ಅದನ್ನೂ ಹೇಳುತ್ತೇನೆ.

ಯಾವ ಬಾಗಿಲು?

"ದೇವಸ್ಥಾನದಲ್ಲಿ ತಾಳಿ ಕಟ್ಟಿ ಆಮೇಲೆ ರಿಜಿಸ್ಟರ್ ಮಾಡಿಸಿದ್ರೆ ಆಯ್ತಲ್ವಾ?" ಎಲ್ಲರೂ ಮೊದಲು ಕೇಳುವುದು ಇದನ್ನೇ. ಆಗುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಗೆ ಇಬ್ಬರೂ ಹಿಂದೂಗಳಾಗಿರಬೇಕು. ಬೌದ್ಧರು, ಜೈನರು, ಸಿಖ್ಖರೂ ಅದರೊಳಗೆ ಬರುತ್ತಾರೆ, ಮುಸ್ಲಿಮರು, ಕ್ರಿಶ್ಚಿಯನ್ನರು ಬರುವುದಿಲ್ಲ. ಕ್ರಿಶ್ಚಿಯನ್ ಹುಡುಗನೊಬ್ಬ ಹಿಂದೂ ಹುಡುಗಿಗೆ ದೇವಸ್ಥಾನದಲ್ಲಿ ತಾಳಿ ಕಟ್ಟಿ, ರಿಜಿಸ್ಟರ್ ಕೂಡ ಮಾಡಿಸಿದ್ದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 2008ರಲ್ಲಿ ಕೋರ್ಟು ಆ ಮದುವೆ ಈ ಕಾಯ್ದೆಯಡಿ ನಿಲ್ಲುವುದಿಲ್ಲ ಅಂದಿತು. ಕೈಯಲ್ಲಿ ಸರ್ಟಿಫಿಕೇಟ್ ಇತ್ತು, ಆದರೂ ನಿಲ್ಲಲಿಲ್ಲ.

ನಿಕಾಹ್ ಆದರೆ? ಮುಸ್ಲಿಂ ಗಂಡು, ಹಿಂದೂ ಹೆಣ್ಣು ಮತಾಂತರವಿಲ್ಲದೆ ನಿಕಾಹ್ ಆದರೆ ಅದು ಮುಸ್ಲಿಂ ಕಾನೂನಿನಲ್ಲಿ 'ಫಾಸಿದ್', ಅಂದರೆ ಕ್ರಮಬದ್ಧವಲ್ಲದ ಮದುವೆ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಮಕ್ಕಳಿಗೆ ಹಕ್ಕು ಇರುತ್ತದೆ, ಹೆಂಡತಿಗೆ ಮಹರ್, ಅಂದರೆ ಮದುವೆಯಲ್ಲಿ ಗಂಡ ಕೊಡಬೇಕಾದ ದುಡ್ಡು, ಸಿಗುತ್ತದೆ, ಗಂಡನ ಆಸ್ತಿಯಲ್ಲಿ ಪಾಲು ಸಿಗುವುದಿಲ್ಲ. ಚರ್ಚಿನ ಲೆಕ್ಕ ಬೇರೆ. 1872ರ ಕ್ರಿಶ್ಚಿಯನ್ ವಿವಾಹ ಕಾಯ್ದೆಗೆ ಇಬ್ಬರಲ್ಲಿ ಒಬ್ಬರು ಕ್ರಿಶ್ಚಿಯನ್ ಆಗಿದ್ದರೆ ಸಾಕು. ಆದರೆ ಚರ್ಚಿಗೆ ಅದರದ್ದೇ ನಿಯಮಗಳಿವೆ, ಪಾದ್ರಿಗಳನ್ನು ಕೇಳಬೇಕು.

ಇನ್ನೊಂದು ದಾರಿ, ಒಬ್ಬರು ಧರ್ಮ ಬದಲಿಸುವುದು. ಮನಸ್ಸಿನಿಂದ ಬಂದರೆ ನಿಮ್ಮಿಷ್ಟ. ಬರೀ ಕಾಗದಕ್ಕೋಸ್ಕರ ಆದರೆ ಬೇಡ ಅನ್ನುತ್ತೇನೆ. ನಮ್ಮ ರಾಜ್ಯದಲ್ಲಿ 2022ರಲ್ಲಿ ಬಂದ ಮತಾಂತರ ಕಾನೂನಿನಲ್ಲಿ ಮೂವತ್ತು ದಿನ ಮೊದಲೇ ಡಿಸಿಗೆ ಘೋಷಣೆ ಕೊಡಬೇಕು ಅಂತ ಇತ್ತು. ಮುಂದಿನ ಸರ್ಕಾರದ ಸಂಪುಟ 2023ರ ಜೂನ್‌ನಲ್ಲಿ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಈ ಹಗ್ಗಜಗ್ಗಾಟದ ಮಧ್ಯೆ ನಿಮ್ಮ ಮದುವೆಯನ್ನು ಸಿಕ್ಕಿಸಬೇಡಿ.

ಉಳಿಯುವುದು 1954ರ ವಿಶೇಷ ವಿವಾಹ ಕಾಯ್ದೆ. ಇದಕ್ಕೊಂದು ಅಜ್ಜ ಇದ್ದ. 1872ರಲ್ಲಿ ಬ್ರಹ್ಮ ಸಮಾಜದ ಕೇಶವಚಂದ್ರ ಸೇನರ ಒತ್ತಾಯದಿಂದ ಬಂದ ಕಾಯ್ದೆ. ಅದರಲ್ಲಿ ಮದುವೆಯಾಗಬೇಕಾದರೆ "ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರಿಶ್ಚಿಯನ್ ಅಲ್ಲ..." ಅಂತ ಬರೆದುಕೊಡಬೇಕಿತ್ತು. ಅಂದರೆ ಮನೆ ಬಿಟ್ಟು ಬಂದರೆ ಮಾತ್ರ ಚಪ್ಪರ. 1954ರ ಕಾಯ್ದೆ ಆ ಷರತ್ತನ್ನು ತೆಗೆದುಹಾಕಿತು. ಅವಳು ಗೌರಿ ಹಬ್ಬ ಮಾಡಲಿ, ಅವನು ರೋಜಾ ಹಿಡಿಯಲಿ, ಸರ್ಕಾರ ಕೇಳುವುದಿಲ್ಲ. ನೋಟಿಸ್ ಫಾರಂನಲ್ಲಿ ಹೆಸರು, ವಯಸ್ಸು, ವೃತ್ತಿ, ಮದುವೆ ಆಗಿದೆಯೇ ಇಲ್ಲವೇ, ವಾಸಸ್ಥಳ, ಎಷ್ಟು ದಿನದಿಂದ ವಾಸ, ಇಷ್ಟೇ ಇರುವುದು. ಕಾಯ್ದೆಯ ಜೊತೆಗಿರುವ ನಮೂನೆಯಲ್ಲಿ ಧರ್ಮ ಅನ್ನುವ ಕಾಲಂ ಇಲ್ಲ. ಮೊದಲ ಸಲ ಟೈಪ್ ಮಾಡುವಾಗ ನಾನೇ ಎರಡು ಸಲ ಹುಡುಕಿದ್ದೆ.

ಒಂದೇ ಧರ್ಮದವರೂ ಇದರಲ್ಲಿ ಮದುವೆಯಾಗಬಹುದು. ನಮ್ಮ ಕಡೆ ಕುವೆಂಪು ಅವರ ಮಂತ್ರ ಮಾಂಗಲ್ಯ (ಪುರೋಹಿತರಿಲ್ಲದ ಸರಳ ಮದುವೆ) ಮಾಡಿಕೊಂಡು ಬರುವವರಿಗೆ ಈಗ ಇದನ್ನೇ ಹೇಳುತ್ತೇನೆ. ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ಇದ್ದರೆ ಹಿಂದೂ ವಿವಾಹ ಕಾಯ್ದೆಯಡಿ ಅದು ಮದುವೆಯಲ್ಲ ಅಂತ ಸುಪ್ರೀಂ ಕೋರ್ಟು 2024ರ ಏಪ್ರಿಲ್‌ನಲ್ಲಿ ಹೇಳಿತಲ್ಲ, ಅದಕ್ಕೆ. ವಿಶೇಷ ವಿವಾಹದಲ್ಲಿ ಯಾವ ಶಾಸ್ತ್ರವೂ ಬೇಕಿಲ್ಲ, ಯಾವ ಶಾಸ್ತ್ರವೂ ಬೇಡ ಅಂತಲೂ ಇಲ್ಲ.

ಸರ್ಕಾರ ಕೇಳುವ ನಾಲ್ಕು ಪ್ರಶ್ನೆ

ಹುಡುಗನಿಗೆ 21, ಹುಡುಗಿಗೆ 18 ತುಂಬಿದೆಯಾ? ಇಬ್ಬರಲ್ಲಿ ಯಾರಿಗಾದರೂ ಬದುಕಿರುವ ಗಂಡನೋ ಹೆಂಡತಿಯೋ ಇದ್ದಾರಾ? ಒಪ್ಪಿಗೆ ಕೊಡುವಷ್ಟು ಬುದ್ಧಿ ಸ್ವಾಧೀನ ಇದೆಯಾ? ನಿಷಿದ್ಧ ಸಂಬಂಧದವರಾ? ನಾಲ್ಕನೆಯದು ನಮ್ಮ ಕಡೆಯವರಿಗೆ ತಮಾಷೆಯಾಗಿ ಕಾಣುತ್ತದೆ. ಅಕ್ಕನ ಮಗಳು, ಅತ್ತೆ ಮಗಳು, ಮಾವನ ಮಗಳು ಎಲ್ಲ ಈ ಕಾಯ್ದೆಯ ನಿಷಿದ್ಧ ಪಟ್ಟಿಯಲ್ಲಿ ಇದ್ದಾರೆ. ಸಂಪ್ರದಾಯ ಅಂತ ಹೇಳಬೇಕಾದರೂ ಸರ್ಕಾರ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಿರಬೇಕು. ಹಳೇ ಕಾಲದಲ್ಲಿ ಸೋದರಮಾವನಿಗೇ ಮೊದಲ ಹಕ್ಕು ಅನ್ನುತ್ತಿದ್ದರಲ್ವಾ? ಈ ಕಾಯ್ದೆಗೆ ಬೇರೆ ಧರ್ಮದ ಹುಡುಗನ ಬಗ್ಗೆ ತಕರಾರಿಲ್ಲ, ಸೋದರಮಾವನ ಬಗ್ಗೆ ತಕರಾರು!

ಅಪ್ಪ ಅಮ್ಮನ ಒಪ್ಪಿಗೆ ಈ ಪಟ್ಟಿಯಲ್ಲಿ ಇಲ್ಲ. ಬೇರೆ ಜಿಲ್ಲೆಯ ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರು ಒಂದು ಜೋಡಿಗೆ "ಪೇರೆಂಟ್ಸ್ ಲೆಟರ್ ತನ್ನಿ" ಅಂದು ಮೂರು ಸಲ ವಾಪಸ್ ಕಳಿಸಿದ್ದರು. ಹಾಗೆ ಕೇಳಿದರೆ ಜಗಳ ಆಡಬೇಡಿ. "ಯಾವ ಸೆಕ್ಷನ್ ಸಾರ್, ಬರೆದುಕೊಡಿ" ಅನ್ನಿ. ಬರೆದುಕೊಡುವುದಿಲ್ಲ, ಅರ್ಜಿ ತಗೊಳ್ಳುತ್ತಾರೆ.

ಕಾಗದ ಪತ್ರ

ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಗುರುತಿಗೆ ಆಧಾರ್. ಪಾಸ್‌ಪೋರ್ಟ್ ಸೈಜ್ ಫೋಟೊ ಜಾಸ್ತಿನೇ ಇಟ್ಟುಕೊಳ್ಳಿ. ಇಬ್ಬರದ್ದೂ ಅವಿವಾಹಿತ ಅಂತ ಒಂದೊಂದು ಅಫಿಡವಿಟ್. ಡೈವೋರ್ಸ್ ಆಗಿದ್ದರೆ ಕೋರ್ಟ್ ಡಿಕ್ರಿ, ಸಂಗಾತಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಹಿಂದಿನ ಮೂವತ್ತು ದಿನ ವಾಸವಿರಬೇಕು. ಅದಕ್ಕೆ ಬಾಡಿಗೆ ಕರಾರು ಅಥವಾ ಆ ವಿಳಾಸ ಇರುವ ಏನಾದರೂ ದಾಖಲೆ.

ಜಾಸ್ತಿ ಜನ ಎಡವುವುದು ಹೆಸರಿನಲ್ಲಿ. ನನ್ನ ಅಕ್ಕನ ಮಗಳ ಹುಡುಗನ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ 'ಎಂ.ಡಿ.' ಅಂತಿತ್ತು, ಆಧಾರ್‌ನಲ್ಲಿ 'ಮೊಹಮ್ಮದ್'. ಅವಳ ಆಧಾರ್‌ನಲ್ಲಿ ಅಪ್ಪನ ಹೆಸರಿನ ಜೊತೆ 'ಗೌಡ' ಇತ್ತು, ಮಾರ್ಕ್ಸ್ ಕಾರ್ಡಿನಲ್ಲಿ ಇರಲಿಲ್ಲ. ಸಣ್ಣದು ಅನ್ನಿಸುತ್ತದೆ. ಆದರೆ ಯಾರಾದರೂ ಆಕ್ಷೇಪಣೆ ಹಾಕಬೇಕು ಅಂತ ಕಾಯುತ್ತಿದ್ದರೆ ಮೊದಲು ಹಿಡಿಯುವುದು ಇದನ್ನೇ. "ಇವೆರಡೂ ಒಬ್ಬರದೇ ಹೆಸರು" ಅಂತ ಒಂದು ಅಫಿಡವಿಟ್ ಮಾಡಿಸಿ ನೋಟಿಸ್ ಕೊಡುವ ಮುಂಚೆಯೇ ಫೈಲಿನಲ್ಲಿ ಇಟ್ಟುಬಿಡಿ.

ಬೋರ್ಡು

ನೋಟಿಸ್ ಕೊಟ್ಟ ಮೇಲೆ ಮೂವತ್ತು ದಿನ ಕಾಯಬೇಕು. ವಿವಾಹಾಧಿಕಾರಿ ಅದನ್ನು ನೋಟಿಸ್ ಪುಸ್ತಕದಲ್ಲಿ ಬರೆಯುತ್ತಾರೆ. ಆ ಪುಸ್ತಕವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಒಂದು ಪ್ರತಿಯನ್ನು ಆಫೀಸಿನ ಎದ್ದು ಕಾಣುವ ಜಾಗದಲ್ಲಿ ಅಂಟಿಸುತ್ತಾರೆ. ಇಬ್ಬರು ಹಿಂದೂಗಳು ಹಿಂದೂ ಕಾಯ್ದೆಯಲ್ಲಿ ರಿಜಿಸ್ಟರ್ ಮಾಡಿಸಿದರೆ ಈ ಕಾಯುವಿಕೆ ಇಲ್ಲ, ಬೋರ್ಡೂ ಇಲ್ಲ. ಧರ್ಮ ಕೇಳದ ಕಾಯ್ದೆ ಊರಿಗೆಲ್ಲ ಹೆಸರು ಹೇಳಿಬಿಡುತ್ತದೆ. ಹೆಸರು ಗೊತ್ತಾದ ಮೇಲೆ ಧರ್ಮ ಕೇಳಬೇಕಾ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ನ್ಯಾಯಾಧೀಶರು ತೀರ್ಪು ಕೊಟ್ಟರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಅಲಹಾಬಾದ್ ಹೈಕೋರ್ಟು 2021ರ ಜನವರಿಯಲ್ಲಿ, ಜೋಡಿ ಬೇಡ ಅಂದರೆ ನೋಟಿಸ್ ಪ್ರಕಟಿಸಬೇಕಿಲ್ಲ ಅಂದಿತು. ಅದು ಉತ್ತರ ಪ್ರದೇಶದ ಮಾತು. ನನ್ನ ಅಂಗಡಿ ಎದುರು ಇಂದಿಗೂ ಅಂಟಿಸುತ್ತಾರೆ.

ಈಗ ನನ್ನ ಎಡವಟ್ಟು. ಅಕ್ಕನ ಮಗಳಿಗೆ ಇಪ್ಪತ್ತಾರು, ಬೆಂಗಳೂರಿನಲ್ಲಿ ಕೆಲಸ. "ಮಾಮ, ಮನೇಲಿ ಹೇಳೋಕೆ ಇನ್ನೂ ಧೈರ್ಯ ಇಲ್ಲ. ನೋಟಿಸ್ ಕೊಟ್ಬಿಡ್ಲಾ?" ಅಂದಳು. ನಾನು ದೊಡ್ಡ ತಿಳಿದವನ ಹಾಗೆ "ಬೆಂಗಳೂರಲ್ಲಿ ಆ ಬೋರ್ಡ್ ಯಾರು ನೋಡ್ತಾರೆ, ಕೊಡು" ಅಂದೆ. ಜೋಡಿಯಲ್ಲಿ ಒಬ್ಬರ ಶಾಶ್ವತ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿನ ಅಧಿಕಾರಿಗೂ ಒಂದು ಪ್ರತಿ ಹೋಗುತ್ತದೆ, ಅವರೂ ಬೋರ್ಡಿಗೆ ಅಂಟಿಸುತ್ತಾರೆ. ಇದು ನನಗೆ ಗೊತ್ತಿತ್ತು. ಹೊಳೆಯಲಿಲ್ಲ. ಅವಳು ಶಾಶ್ವತ ವಿಳಾಸ ಅಂತ ಅಪ್ಪನ ಮನೆಯದ್ದನ್ನೇ ಬರೆದಿದ್ದಳು.

ಹೀಗಾಗಿ ಆ ಪ್ರತಿ ಬಂದು ಬಿದ್ದದ್ದು ನನ್ನ ಎದುರಿನ ಬೋರ್ಡಿಗೇ. ಗಾಜಿನ ಬಾಗಿಲು, ಬೀಗ ತುಕ್ಕು ಹಿಡಿದಿದೆ, ಪಕ್ಕದಲ್ಲಿ "ಮಧ್ಯವರ್ತಿಗಳಿದ್ದಾರೆ ಎಚ್ಚರಿಕೆ" ಅನ್ನುವ ಫಲಕ. ಇಪ್ಪತ್ತಮೂರು ವರ್ಷದಲ್ಲಿ ಆ ಬೋರ್ಡಿನ ಮುಂದೆ ನಿಂತು ಓದಿದವರನ್ನು ನಾನು ಕಂಡಿದ್ದು ಕಡಿಮೆ. ಅವತ್ತು ಯಾರೋ ತೋಟದ ಪತ್ರಕ್ಕೆ ಬಂದವರು ಟೋಕನ್‌ಗೆ ಕಾಯುತ್ತಾ ಓದಿದ್ದಾರೆ. ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕಿದ್ದಾರೆ. ಸಂಜೆಯೊಳಗೆ ಭಾವನ ಫೋನಿಗೆ ಬಂದಿದೆ.

ಮಾರನೇ ದಿನ ಬೆಳಿಗ್ಗೆ ಅಂಗಡಿ ಶಟರ್ ಎತ್ತುವಾಗಲೇ ಭಾವ ನಿಂತಿದ್ದರು. ಫೋನು ತೋರಿಸಿದರು. "ಇದು ನಿನ್ನೆದುರಿನ ಬೋರ್ಡೇ ಅಲ್ವೇನೋ?"

ಏನು ಹೇಳುವುದು. ತಲೆ ಆಡಿಸಿದೆ.

"ಟೈಪ್ ಮಾಡು. ತಕರಾರು ಅರ್ಜಿ. ನೀನೇ ಮಾಡಬೇಕು."

ಕೂತೆ. "ಇವರಿಗೆ, ವಿವಾಹಾಧಿಕಾರಿಗಳು" ಅಂತ ಹೊಡೆದೆ. "ವಿಷಯ: ಆಕ್ಷೇಪಣೆ." ಆಮೇಲೆ "ಕಾರಣ" ಅಂತ ಹೊಡೆದು ನಿಲ್ಲಿಸಿದೆ.

"ಭಾವ, ಕಾರಣ ಏನು ಬರೀಲಿ?"

"ಜಾತಿಯಲ್ಲ, ಧರ್ಮನೇ ಬೇರೆ ಅಂತ ಬರಿ."

"ಅದು ಕಾರಣ ಆಗಲ್ಲ ಭಾವ." ನಾಲ್ಕು ಷರತ್ತಿನ ಹಾಳೆ ತೆಗೆದು ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ವಯಸ್ಸು ಅನ್ನುವಲ್ಲಿ ನಿಂತರು, ಮುಂದೆ ಹೋದರು. ಮೊದಲ ಮದುವೆ ಅನ್ನುವಲ್ಲಿ ಕೇಳಿದರು, "ಆ ಹುಡುಗನಿಗೆ ಆಗಿರಬಹುದಾ?" ಇಲ್ಲ ಅಂದೆ. ಬುದ್ಧಿ ಸ್ವಾಧೀನ ಅನ್ನುವಲ್ಲಿ ಬೆರಳು ಗಟ್ಟಿಯಾಗಿ ಊರಿದರು.

"ಇದನ್ನ ಬರಿ. ತಲೆ ಕೆಟ್ಟಿದೆ ಅಂತ ಬರಿ."

"ಬರೀತೀನಿ. ಆದರೆ ಅವಳ ಬಗ್ಗೆ ಅದು ಸರ್ಕಾರದ ಪುಸ್ತಕದಲ್ಲಿ ಉಳಿದುಬಿಡುತ್ತೆ. ವಿಚಾರಣೆಗೆ ಕರೀತಾರೆ. ನಿಮ್ಮ ಮುಂದೆನೇ ಅವಳನ್ನ ಪ್ರಶ್ನೆ ಕೇಳ್ತಾರೆ."

ಭಾವ ಸ್ವಲ್ಪ ಹೊತ್ತು ಕೂತರು. ಕನ್ನಡಕ ಮಡಚಿ ಜೇಬಿಗೆ ಹಾಕಿಕೊಂಡರು. ಪಕ್ಕದ ಹೋಟೆಲಿನ ಹುಡುಗ ತಂದ ಕಾಫಿ ಕುಡಿಯಲಿಲ್ಲ. ಎದ್ದು ಹೋದರು. ಆಮೇಲೆ ಒಂದೂವರೆ ವರ್ಷ ನನ್ನ ಹತ್ತಿರ ಮಾತಾಡಲಿಲ್ಲ. ಮದುವೆ ವಿಷಯಕ್ಕಿಂತ ಜಾಸ್ತಿ, ಬೋರ್ಡಿನಿಂದ ಗೊತ್ತಾಗುವ ಹಾಗೆ ಮಾಡಿದೆನಲ್ಲ, ಅದಕ್ಕೆ.

ಅದಕ್ಕೇ ಈಗ ಬರುವ ಜೋಡಿಗಳಿಗೆ ಮೊದಲು ಕೇಳುತ್ತೇನೆ: ಮನೆಯಲ್ಲಿ ಹೇಳಿದ್ದೀರಾ? ಒಪ್ಪುವುದು ಬಿಡುವುದು ಆಮೇಲೆ. ನೋಟಿಸ್ ಕೊಡುವ ಹಿಂದಿನ ದಿನವಾದರೂ ನಿಮ್ಮ ಬಾಯಿಂದ ಹೇಳಿ. ಹೇಳಿದರೆ ಹೊಡೆತ, ಬಡಿತ, ಕೂಡಿಹಾಕುವುದು ಆಗುತ್ತದೆ ಅನ್ನುವ ಮನೆಯಾದರೆ ಈ ಮಾತು ಬಿಟ್ಟುಬಿಡಿ. ನೋಟಿಸಿಗೆ ಮೊದಲೇ ಸುರಕ್ಷಿತ ಜಾಗಕ್ಕೆ ಹೋಗಿ. ಎಸ್ಪಿಗೆ, ಬೆಂಗಳೂರಾದರೆ ಕಮಿಷನರಿಗೆ, ಇಬ್ಬರೂ ಸಹಿ ಮಾಡಿದ ಪತ್ರ ಕೊಟ್ಟು ಸ್ವೀಕೃತಿ ತಗೊಳ್ಳಿ. ತುರ್ತು ಇದ್ದರೆ 112. ಮನೆಯವರು ನಾಪತ್ತೆ ದೂರು ಕೊಟ್ಟರೆ ಹೆದರಬೇಡಿ. ಬೆಳಗಾವಿ ಜಿಲ್ಲೆಯ ಇಂಥದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ, ವಯಸ್ಸಿಗೆ ಬಂದ ಇಬ್ಬರು ಮದುವೆಗೆ ಒಪ್ಪಿದ ಮೇಲೆ ಮನೆಯವರದ್ದಾಗಲಿ ಸಮುದಾಯದ್ದಾಗಲಿ ಒಪ್ಪಿಗೆ ಬೇಕಿಲ್ಲ ಅಂದಿದೆ.

ತಕರಾರು ಬಂದರೆ? ಅರ್ಜಿ ಹಾಕಲು ಮೂವತ್ತು ದಿನ, ಅಧಿಕಾರಿ ತೀರ್ಮಾನ ಮಾಡಲು ಮೂವತ್ತು ದಿನ. ಆ ನಾಲ್ಕು ಷರತ್ತು ಬಿಟ್ಟು ಬೇರೆ ಕಾರಣ ನಿಲ್ಲುವುದಿಲ್ಲ. ಬೇಕಂತಲೇ ಹಾಕಿದ ತಕರಾರು ಅಂತ ಕಂಡರೆ ಹಾಕಿದವರಿಗೆ ಸಾವಿರ ರೂಪಾಯಿವರೆಗೆ ಖರ್ಚು ಹೊರಿಸಬಹುದು. 1954ರಲ್ಲಿ ಸಾವಿರ ದೊಡ್ಡ ದುಡ್ಡು, ಈಗ ಯಾರೂ ಲೆಕ್ಕಕ್ಕಿಡುವುದಿಲ್ಲ. ಅಧಿಕಾರಿ ತಕರಾರನ್ನು ಎತ್ತಿಹಿಡಿದರೆ ಮೂವತ್ತು ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ. ತಕರಾರು ಇಲ್ಲದಿದ್ದರೂ ಒಂದು ಲೆಕ್ಕ ಮರೆಯಬೇಡಿ. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸ ನೋಟಿಸ್, ಮತ್ತೆ ಬೋರ್ಡು. ಆಷಾಢ ಕಳೀಲಿ, ಒಳ್ಳೇ ದಿನ ಸಿಗಲಿ ಅಂತ ಕಾದು ಮೂರು ತಿಂಗಳು ಕಳೆದುಕೊಂಡವರನ್ನು ನೋಡಿದ್ದೇನೆ.

ಆ ದಿನ

ಮೂರು ಜನ ಸಾಕ್ಷಿ ಬೇಕು, ಮೂಲ ಆಧಾರ್ ಜೊತೆಗೆ. ನಾಲ್ಕನೆಯವರನ್ನೂ ಕರೆದುಕೊಂಡು ಹೋಗಿ, ಒಬ್ಬರು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದು ಖಂಡಿತ. ಇಬ್ಬರೂ, ಸಾಕ್ಷಿಗಳೂ ಘೋಷಣೆಗೆ ಸಹಿ ಹಾಕಬೇಕು. ಹಾರ ಬದಲಿಸುವುದು, ಉಂಗುರ, ತಾಳಿ ನಿಮ್ಮಿಷ್ಟ. ಆದರೆ ಒಂದು ಮಾತು ಆಡದೆ ಮದುವೆ ಮುಗಿಯುವುದಿಲ್ಲ. ಅಧಿಕಾರಿ ಮತ್ತು ಸಾಕ್ಷಿಗಳ ಮುಂದೆ, ಇಬ್ಬರಿಗೂ ಅರ್ಥವಾಗುವ ಭಾಷೆಯಲ್ಲಿ, "ನಾನು ನಿನ್ನನ್ನು ಕಾನೂನುಬದ್ಧ ಪತ್ನಿಯಾಗಿ ಸ್ವೀಕರಿಸುತ್ತೇನೆ" ಅಂತ ಹೆಸರು ಹಿಡಿದು ಹೇಳಬೇಕು. ಅವಳು 'ಪತಿಯಾಗಿ' ಅನ್ನಬೇಕು. ಅಕ್ಕನ ಮಗಳು ಕನ್ನಡದಲ್ಲಿ ಹೇಳಿದಳು. ಅವನೂ ಕನ್ನಡದಲ್ಲೇ ಹೇಳಿದ, 'ಕಾನೂನುಬದ್ಧ' ಅನ್ನುವಲ್ಲಿ ಎರಡು ಸಲ ತೊದಲಿದ. ಮೂರನೇ ಸಾಕ್ಷಿ ನಾನು. ಧಾರೆ ಎರೆಯುವಾಗ ಪಕ್ಕದಲ್ಲಿ ನಿಲ್ಲಬೇಕಾದ ಸೋದರಮಾವ ಅಲ್ಲಿ ಕಂಪ್ಯೂಟರಿಗೆ ಹೆಬ್ಬೆಟ್ಟು ಕೊಟ್ಟು ಬಂದೆ.

ಆಸ್ತಿ ವಿಷಯ, ಇದನ್ನು ಬಿಡಬೇಡಿ

ಪ್ರೀತಿ ಮಾಡಿದವರು ಇದನ್ನು ಕೇಳುವುದೇ ಇಲ್ಲ. ಪತ್ರ ಬರೆಯುವವನಿಗೆ ಇದೇ ಮೊದಲು ಕಾಣುವುದು. ಎರಡು ಧರ್ಮದವರು ಈ ಕಾಯ್ದೆಯಲ್ಲಿ ಮದುವೆಯಾದರೆ ಅವರ ಸ್ವಂತ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಬರುತ್ತದೆ. ಗಂಡ ಮೂವತ್ತು ಲಕ್ಷದ ಸೈಟು ಬಿಟ್ಟು ವಿಲ್ ಬರೆಯದೆ ತೀರಿಹೋದ ಅಂತಿಟ್ಟುಕೊಳ್ಳಿ. ಹೆಂಡತಿಗೆ ಮೂರನೇ ಒಂದು ಭಾಗ, ಅಂದರೆ ಹತ್ತು ಲಕ್ಷ. ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣು ಅಂತ ಭೇದ ಇಲ್ಲ. ಮುಸ್ಲಿಂ ಕಾನೂನಿನಲ್ಲಾದರೆ ಮಕ್ಕಳಿರುವ ಹೆಂಡತಿಗೆ ಎಂಟನೇ ಒಂದು, ಮಗನಿಗೆ ಮಗಳ ಎರಡು ಪಟ್ಟು.

ಇದಕ್ಕಾಗಿಯೇ ಈ ಕಾಯ್ದೆಗೆ ಬಂದವರಿದ್ದಾರೆ. ನಮ್ಮ ಗಡಿಯಾಚೆ ಕಾಸರಗೋಡು ಜಿಲ್ಲೆಯ ವಕೀಲ, ನಟ ಸಿ. ಶುಕ್ಕೂರ್ ಅವರಿಗೆ ಮೂವರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಶರಿಯತ್ ಲೆಕ್ಕದಲ್ಲಿ ಆಸ್ತಿಯ ಒಂದು ಪಾಲು ಸೋದರರ ಕಡೆ ಹೋಗುತ್ತದೆ. 2023ರ ಮಾರ್ಚ್ 8ರಂದು ಅವರು ತಮ್ಮ ಹೆಂಡತಿಯನ್ನೇ ಅದೇ ಜಿಲ್ಲೆಯ ಹೊಸದುರ್ಗದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮತ್ತೆ ಮದುವೆಯಾದರು. ಮಹಿಳಾ ದಿನವನ್ನೇ ಆರಿಸಿಕೊಂಡಿದ್ದರು.

ಆದರೆ ಇದರಲ್ಲೂ ಒಂದು ತೊಡಕು ಇದೆ. 1925ರ ಕಾಯ್ದೆಯಲ್ಲಿ ಮಕ್ಕಳಿದ್ದರೆ ಸತ್ತವನ ತಾಯಿಗೆ ಪಾಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಾಯಿಗೂ ಹೆಂಡತಿ ಮಕ್ಕಳ ಸಮಕ್ಕೆ ಬರುತ್ತದೆ. ಅಮ್ಮನನ್ನು ನೋಡಿಕೊಳ್ಳುವವರು ಒಂದು ವಿಲ್ ಬರೆದಿಡಿ. ಇಬ್ಬರೂ ಹಿಂದೂಗಳಾಗಿದ್ದರೆ ಈ ಗೊಂದಲ ಇಲ್ಲ. 1976ರ ತಿದ್ದುಪಡಿಯಿಂದ ಅವರಿಗೆ ಹಿಂದೂ ಕಾಯ್ದೆಯೇ ಮುಂದುವರಿಯುತ್ತದೆ.

ಇನ್ನೊಂದು ಹೆದರಿಕೆ, "ಅಪ್ಪನ ಆಸ್ತಿ ಹೋಗುತ್ತೆ" ಅನ್ನುವುದು. ಬೇರೆ ಧರ್ಮದವರನ್ನು ಮದುವೆಯಾದ ಹಿಂದೂ, ಅವಿಭಕ್ತ ಕುಟುಂಬದಿಂದ ಬೇರೆಯಾದ ಹಾಗೆ ಅಂತ ಕಾಯ್ದೆ ಹೇಳುತ್ತದೆ. ಅಂದರೆ ಹಿಸ್ಸೆ ಆದ ಲೆಕ್ಕ. ಪಾಲು ಕಳೆದುಕೊಂಡ ಲೆಕ್ಕ ಅಲ್ಲ. "ನೀನು ಹೊರಗೆ ಮದುವೆ ಆದೆ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು" ಅಂತ ಅಣ್ಣತಮ್ಮಂದಿರು ತಂದು ನಿಲ್ಲಿಸಿದ ಹೆಣ್ಣುಮಕ್ಕಳು ನನ್ನ ಅಂಗಡಿಯಲ್ಲಿ ಅಳುತ್ತಾ ಕೂತಿದ್ದಾರೆ. ಸಹಿ ಹಾಕುವ ಮುಂಚೆ ಹೊರಗಿನ ವಕೀಲರೊಬ್ಬರಿಗೆ ತೋರಿಸಿ.

ಡೈವೋರ್ಸ್ ಬೇಕೆಂದರೆ ಅದೂ ಇದೇ ಕಾಯ್ದೆಯಲ್ಲಿ, ಕೋರ್ಟಿನಲ್ಲಿ. ಸಾಮಾನ್ಯವಾಗಿ ಮೊದಲ ಒಂದು ವರ್ಷ ಅರ್ಜಿ ಹಾಕುವಂತಿಲ್ಲ. ತಲಾಖ್ ಹೇಳಿ ಮುಗಿಸಲು ಆಗುವುದಿಲ್ಲ, ಎರಡನೇ ಮದುವೆಗೂ ದಾರಿ ಇಲ್ಲ.

ಸರ್ಟಿಫಿಕೇಟ್ ಕೈಗೆ ಬಂದ ದಿನವೇ ಮೂರು ದೃಢೀಕೃತ ಪ್ರತಿ ತಗೊಳ್ಳಿ. ಪಾಸ್‌ಪೋರ್ಟಿಗೆ, ಬ್ಯಾಂಕಿಗೆ, ಮಗುವನ್ನು ಶಾಲೆಗೆ ಸೇರಿಸುವಾಗ ಒಂದಲ್ಲ ಒಂದು ಕಡೆ ಕೇಳುತ್ತಾರೆ. ಮೂಲ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ನಾಳೆ ವಿದೇಶಕ್ಕೆ ಹೋಗುವಾಗ ಅದರ ಮೇಲೆ ಸೀಲು ಬೀಳುವುದಿಲ್ಲ. ಮಾಡಿಸಿದರೆ ನನಗೆ ಮೂವತ್ತು ರೂಪಾಯಿ ಸಿಗುತ್ತದೆ, ಆದರೂ ಬೇಡ.